ಮೇಷ್ಟ್ರ ಬಗ್ಗೆ ವಿಕಿಪೀಡಿಯ ಪುಟ ಬರೆಯಲು ಹೋದಾಗ

ನಮ್ಮ ಮೇಷ್ಟ್ರಿಗೆ 75 ತುಂಬುವುದರೊಳಗೆ ವಿಕಿಪೀಡಿಯದಲ್ಲಿ ಅವರದೊಂದು ಪುಟ ಮಾಡಿಬಿಡಬೇಕು ಅಂತ ತೀರ್ಮಾನ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅವರಿಗಂತೂ ಸುಳಿವೇ ಕೊಟ್ಟಿರಲಿಲ್ಲ. ಹುಟ್ಟುಹಬ್ಬದ ದಿನ ಫೋನನ್ನು ಅವರ ಕೈಗಿಟ್ಟು "ನೋಡಿ ಸರ್" ಅನ್ನಬೇಕು ಅಂತ ಆಸೆ.

ಅವರು ಪಾಠ ಮಾಡಿದ್ದು ಗಣಿತ. ರಾತ್ರಿಯಾದರೆ ಮಾತ್ರ ಆಕಾಶ. ಬೆಳಕು ಹೆಚ್ಚುಕಡಿಮೆ ಆಗುವ ನಕ್ಷತ್ರಗಳಿರುತ್ತವಲ್ಲ, ವೇರಿಯಬಲ್ ಸ್ಟಾರ್ ಅಂತಾರೆ, ಅವುಗಳನ್ನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಬೈನಾಕ್ಯುಲರ್ ಹಿಡಿದು ನೋಡಿದವರು. ನೋಡಿದ್ದನ್ನೆಲ್ಲ ಬರೆದಿಟ್ಟವರು. ಅವರ ಮನೆಯಲ್ಲಿ ಆ ನೋಟ್‌ಬುಕ್‌ಗಳೇ ಒಂದು ಕಪಾಟು ತುಂಬ ಇವೆ. ನನಗೆ ನಕ್ಷತ್ರ ನೋಡುವುದನ್ನು ಕಲಿಸಿದ್ದು ಅವರೇ. ನಮ್ಮ ಹವ್ಯಾಸಿ ಸಂಘ ಕಟ್ಟಿದ್ದೂ ಅವರೇ.

ನೋಡುವುದು ಹೇಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ನಕ್ಷತ್ರದ ಆಸುಪಾಸಿನಲ್ಲೇ, ಪ್ರಕಾಶ ಎಷ್ಟು ಅಂತ ಮೊದಲೇ ಗೊತ್ತಿರುವ ಎರಡು ನಕ್ಷತ್ರ ಹುಡುಕಿಕೊಳ್ಳಬೇಕು. ಒಂದು 5.8, ಇನ್ನೊಂದು 6.4 ಅಂದುಕೊಳ್ಳಿ. ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂಕು. ನಮ್ಮದು ಎರಡರ ನಟ್ಟನಡುವೆ ಇದೆ ಅನ್ನಿಸಿದರೆ 6.1 ಅಂತ ಬರೆಯಬೇಕು. ಇಷ್ಟೇ. ಆದರೆ ಒಂದು ಕಟ್ಟುನಿಟ್ಟು ಇದೆ. ಹಿಂದಿನ ರಾತ್ರಿ ನೀವು ಎಷ್ಟು ಬರೆದಿದ್ದಿರಿ ಅಂತ ತಿರುಗಿಸಿ ನೋಡಬಾರದು. ಬೇರೆಯವರು ಎಷ್ಟು ಕಳಿಸಿದ್ದಾರೆ ಅಂತಲೂ ನೋಡಬಾರದು. ಒಮ್ಮೆ ನೋಡಿದಿರೋ, ಕಣ್ಣು ಆಮೇಲೆ ಆ ಸಂಖ್ಯೆಯನ್ನೇ ಹುಡುಕುತ್ತದೆ. ನಾನು ಹುಡುಗನಾಗಿದ್ದಾಗ ಪುಟ ತಿರುಗಿಸಲು ಹೋದರೆ ಮೇಷ್ಟ್ರು ನೋಟ್‌ಬುಕ್ ಮೇಲೆ ಕೈ ಇಟ್ಟುಬಿಡುತ್ತಿದ್ದರು.

ನಾನು ಹೋಗಿದ್ದು ಇಂಗ್ಲಿಷ್ ವಿಕಿಪೀಡಿಯಕ್ಕೆ. ಅಲ್ಲಿ ಹೊಸಬರು ಖಾತೆ ತೆರೆದ ತಕ್ಷಣ ನೇರವಾಗಿ ಹೊಸ ಲೇಖನ ಹಾಕುವಂತಿಲ್ಲ. ಖಾತೆಗೆ 4 ದಿನ ಆಗಿರಬೇಕು, ಕನಿಷ್ಠ 10 ತಿದ್ದುಪಡಿ ಮಾಡಿರಬೇಕು. 2018ರಿಂದ ಇದು ಕಾಯಂ ನಿಯಮ. ಅಷ್ಟು ಆಗದವರು ಮೊದಲು ಡ್ರಾಫ್ಟ್ ಬರೆದು ಪರಿಶೀಲನೆಗೆ ಕಳಿಸಬೇಕು. ಅನುಭವ ಇರುವ ಸ್ವಯಂಸೇವಕರೊಬ್ಬರು ಅದನ್ನು ಓದಿ ಒಪ್ಪುತ್ತಾರೆ, ಇಲ್ಲ ವಾಪಸ್ ಕಳಿಸುತ್ತಾರೆ. ಬೇರೆ ಭಾಷೆಗಳ ವಿಕಿಪೀಡಿಯಗಳಲ್ಲಿ ನಿಯಮ ಬೇರೆ ಬೇರೆ. ಪ್ರತಿ ಭಾಷೆಯ ಸಮುದಾಯವೂ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುತ್ತದೆ.

ನಾನು ಡ್ರಾಫ್ಟ್ ದಾರಿ ಹಿಡಿದೆ. ಶುರುವಿನಲ್ಲೇ ಒಂದು ಪ್ರಶ್ನೆ ಬಂತು. ನೀವು ಬರೆಯುತ್ತಿರುವ ವಿಷಯಕ್ಕೂ ನಿಮಗೂ ಸಂಬಂಧ ಇದೆಯಾ ಅಂತ. ನಾನು ಸಂಬಂಧ ಇಲ್ಲ ಅಂತ ಒತ್ತಿ ಮುಂದೆ ಹೋದೆ. ಸುಳ್ಳು ಹೇಳಬೇಕು ಅಂತ ಅಲ್ಲ. ಸಂಬಂಧ ಅಂದರೆ ನಮ್ಮ ಕಿವಿಗೆ ಕೇಳಿಸುವುದೇ ನೆಂಟಸ್ತಿಕೆ, ಅಲ್ವಾ? ಮೇಷ್ಟ್ರು ನನಗೆ ದೊಡ್ಡಪ್ಪನೂ ಅಲ್ಲ, ಮಾವನೂ ಅಲ್ಲ. ಹಾಗಾಗಿ ಸಂಬಂಧ ಇಲ್ಲ ಅಂದುಕೊಂಡೆ.

ಮೂರು ವಾರಾಂತ್ಯ ಕೂತು ಬರೆದೆ. ಮನಸಿಟ್ಟು ಬರೆದೆ. ಹನ್ನೆರಡು ಉಲ್ಲೇಖ ಕೊಟ್ಟೆ. ಹನ್ನೆರಡು ಉಲ್ಲೇಖ ಇರುವ ಲೇಖನವನ್ನು ಯಾರು ಬೇಡ ಅಂತಾರೆ ಅಂತ ಧೈರ್ಯ. ಕಳಿಸುವ ಗುಂಡಿ ಒತ್ತಿ ಕಾದೆ.

ಕೆಲವು ವಾರ ಕಳೆದ ಮೇಲೆ ಡ್ರಾಫ್ಟ್‌ನ ನೆತ್ತಿಯ ಮೇಲೆ ದೊಡ್ಡ ಚೌಕ ಬಂದು ಕೂತಿತ್ತು. ಒಪ್ಪಿಲ್ಲ ಅಂತ. ಇಲ್ಲಿ ಕೊಟ್ಟಿರುವ ಮೂಲಗಳಿಂದ ಈ ವ್ಯಕ್ತಿಯ ಗಮನಾರ್ಹತೆ ಕಾಣುವುದಿಲ್ಲ ಅನ್ನುವುದು ಕಾರಣ. ಕೆಳಗೆ ಪರಿಶೀಲಿಸಿದವರ ಪುಟ್ಟ ಟಿಪ್ಪಣಿ: ನಿಮ್ಮ ಮೂರು ಅತ್ಯುತ್ತಮ ಮೂಲಗಳು ಯಾವುವು, ಹೇಳುತ್ತೀರಾ? ಅದೇ ದಿನ ನನ್ನ ಚರ್ಚೆ ಪುಟದಲ್ಲಿ ಇನ್ನೊಂದು ಸಂದೇಶ. ಈ ವ್ಯಕ್ತಿಯೊಂದಿಗೆ ನಿಮಗೆ ಒಡನಾಟ ಇರುವಂತೆ ಕಾಣುತ್ತದೆ, ಇದ್ದರೆ ದಯವಿಟ್ಟು ತಿಳಿಸಿ ಅಂತ.

ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗಮನಾರ್ಹರಲ್ಲ ಅಂದರೆ ಏನು? ಮೂವತ್ತು ವರ್ಷ ನಿದ್ದೆಗೆಟ್ಟವರು ಗಮನಕ್ಕೆ ಅರ್ಹರಲ್ಲವಾ? ಈಗ ಅನ್ನಿಸುತ್ತದೆ, ಆ ಪದವೇ ನನ್ನನ್ನು ದಾರಿ ತಪ್ಪಿಸಿತು. ಅರ್ಹ ಅಂದ ಕೂಡಲೇ ಯಾರೋ ತಕ್ಕಡಿ ಹಿಡಿದು ಮನುಷ್ಯನ ಯೋಗ್ಯತೆ ತೂಗಿದ ಹಾಗೆ ಕೇಳಿಸುತ್ತದೆ. ಅಲ್ಲಿ ನಡೆಯುವುದು ಅದಲ್ಲ. ಆ ವ್ಯಕ್ತಿ ದೊಡ್ಡವರೋ ಚಿಕ್ಕವರೋ ಅಂತ ಯಾರೂ ಕೇಳುವುದಿಲ್ಲ. ಅವರಿಗೆ ಸಂಬಂಧಪಡದ ಜನ, ನಂಬಬಹುದಾದ ಕಡೆ, ಅವರ ಬಗ್ಗೆ ಸಾಕಷ್ಟು ವಿವರವಾಗಿ ಆಗಲೇ ಬರೆದಿದ್ದಾರಾ? ಪ್ರಶ್ನೆ ಅದೊಂದೇ. ಹೊರಗಿನವರ ಗಮನಕ್ಕೆ ಬಂದಿದ್ದಾರಾ ಅಂತ, ಗಮನಕ್ಕೆ ಅರ್ಹರಾ ಅಂತ ಅಲ್ಲ.

ಅವತ್ತು ನನಗೆ ಇದು ಹೊಳೆಯಲಿಲ್ಲ. ಜಗಳಕ್ಕೆ ಆಯುಧ ಹುಡುಕಿದೆ. ಸಿಕ್ಕಿತು ಕೂಡ. ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರ ಅಕ್ಟೋಬರ್ 2ರಂದು ನೊಬೆಲ್ ಘೋಷಣೆಯಾದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅವರ ಬಗ್ಗೆ ಬಂದ ಡ್ರಾಫ್ಟ್ ಒಂದನ್ನು, ಮೂಲಗಳು ಸಾಲವು ಅಂತ ವಾಪಸ್ ಕಳಿಸಿದ್ದರು. ನೋಡಿ, ನೊಬೆಲ್ ಬಂದವರನ್ನೇ ಬಿಟ್ಟಿಲ್ಲ ನೀವು ಅಂತ ಬರೆಯಲು ಕೂತೆ. ಬರೆಯುವ ಮೊದಲು ಆ ಕಥೆಯನ್ನು ಪೂರ್ತಿ ಓದಿದೆ. ಓದುತ್ತಾ ಹೋದಂತೆ ಕೈ ನಿಂತಿತು. ಅವರು 2013ರಲ್ಲೇ ಆಪ್ಟಿಕಲ್ ಸೊಸೈಟಿಯ, ಅಂದರೆ ಬೆಳಕಿನ ವಿಜ್ಞಾನದಲ್ಲಿ ಕೆಲಸ ಮಾಡುವವರ ಸಂಘದ, ಅಧ್ಯಕ್ಷರಾಗಿದ್ದರು. ವಿಜ್ಞಾನಿಗಳಿಗೆ, ಪ್ರಾಧ್ಯಾಪಕರಿಗೆ ಅಂತ ವಿಕಿಪೀಡಿಯದಲ್ಲಿ ಬೇರೆಯೇ ಮಾನದಂಡಗಳಿವೆ, ಅದರ ಪ್ರಕಾರ ಅವರಿಗೆ ಪುಟ ಸಲ್ಲಬೇಕಿತ್ತು. ಆದರೆ ಆ ಡ್ರಾಫ್ಟ್ ಅದನ್ನು ಹೊರಗಿನ ಮೂಲಗಳಿಂದ ತೋರಿಸಿರಲಿಲ್ಲ. ಇನ್ನೂ ನೋವಿನ ವಿಷಯ ಅಂದರೆ, ನೊಬೆಲ್ ಬರುವವರೆಗೂ ಅವರ ಬಗ್ಗೆ ಪತ್ರಿಕೆಗಳು ಬರೆದದ್ದೇ ಕಡಿಮೆ. ಹೊರಗೆ ಯಾರೂ ಬರೆಯದಿದ್ದರೆ ವಿಶ್ವಕೋಶಕ್ಕೆ ಎತ್ತಿಕೊಳ್ಳಲು ಏನೂ ಇರುವುದಿಲ್ಲ. ಈ ನಿಯಮದಿಂದ ಒಳ್ಳೆಯವರು ಹೊರಗೆ ಉಳಿಯುತ್ತಾರೆ, ಅದು ನಿಜ. ಅದರಲ್ಲೂ ಹೆಂಗಸರು, ಸದ್ದಿಲ್ಲದೆ ಕೆಲಸ ಮಾಡುವವರು ಜಾಸ್ತಿ. ಈ ಮಾತನ್ನು ನಾನು ಈಗಲೂ ಹೇಳುತ್ತೇನೆ.

ಮಾರನೆಯ ದಿನ ಒಂದು ಹಾಳೆ ತೆಗೆದುಕೊಂಡು ನನ್ನ ಹನ್ನೆರಡು ಉಲ್ಲೇಖಗಳನ್ನು ಒಂದೊಂದಾಗಿ ಬರೆದೆ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ. ಬರೆದವರು ಹೊರಗಿನವರಾ? ಪ್ರಕಟಿಸಿದವರು ನಂಬಬಹುದಾದವರಾ? ಮೇಷ್ಟ್ರ ಬಗ್ಗೆಯೇ ವಿವರವಾಗಿ ಇದೆಯಾ? ಮೂರಕ್ಕೂ ಹೌದು ಅಂದರೆ ಮಾತ್ರ ಉಳಿಸಿಕೊಳ್ಳುವುದು ಅಂತ ಇಟ್ಟುಕೊಂಡೆ.

ಮೊದಲ ಐದು ಉಲ್ಲೇಖ ಮೇಷ್ಟ್ರ ಅಭಿನಂದನಾ ಗ್ರಂಥದವು. ಅವರಿಗೆ 70 ಆದಾಗ ಶಿಷ್ಯರೆಲ್ಲ ಸೇರಿ ತಂದದ್ದು. ಸಂಪಾದಕ ನಾನೇ! ಐದರಲ್ಲಿ ಎರಡು ಲೇಖನವೂ ನನ್ನದೇ. ಅಭಿನಂದಿಸಲೆಂದೇ ತಂದ ಪುಸ್ತಕ ಹೊರಗಿನದು ಹೇಗಾಗುತ್ತದೆ? ಐದಕ್ಕೂ ಅಡ್ಡಗೀಟು. ಮುಂದಿನ ಎರಡು, ಮೇಷ್ಟ್ರು ತಾವೇ ಬರೆದು ಸಂಘದಿಂದ ಅಚ್ಚು ಹಾಕಿಸಿದ ಕಿರುಹೊತ್ತಿಗೆಗಳು. ಅಡ್ಡಗೀಟು. ಒಂದು ನಮ್ಮ ಸಂಘದ ವೆಬ್‌ಸೈಟ್, ಅದನ್ನು ನೋಡಿಕೊಳ್ಳುವುದು ನಾನು. ಅಡ್ಡಗೀಟು. ಎರಡು ಪತ್ರಿಕೆ ಸುದ್ದಿ. ಪತ್ರಿಕೆ ಒಳ್ಳೆಯದೇ, ಆದರೆ ಕಾರ್ಯಾಗಾರದಲ್ಲಿ ಮಾತನಾಡಿದ ಎಂಟು ಜನರ ಪಟ್ಟಿಯಲ್ಲಿ ಮೇಷ್ಟ್ರ ಹೆಸರೂ ಇದೆ, ಅಷ್ಟೇ. ಹೆಸರು ಬಂದಿದೆ, ವಿಷಯ ಬಂದಿಲ್ಲ. ಹನ್ನೊಂದನೆಯದು ವೀಕ್ಷಣೆಗಳ ಒಂದು ದತ್ತಾಂಶ ಪಟ್ಟಿ. ಅದು ಅವರೇ ಕಳಿಸಿದ ಅಂಕಿಗಳ ಲೆಕ್ಕ. ಕೊನೆಯದು ಒಂದು ಪತ್ರಿಕೆ ಸಂದರ್ಶನ, ಪೂರ್ತಿ ಪುಟ. ಇದಕ್ಕೆ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ. ಆದರೆ ಸಂದರ್ಶನದಲ್ಲಿ ಮಾತನಾಡುತ್ತಿರುವುದು ಮೇಷ್ಟ್ರೇ. ತಮ್ಮ ಬಗ್ಗೆ ತಾವು ಹೇಳಿದ್ದು. ಪತ್ರಕರ್ತರು ತಾವಾಗಿ ಬರೆದದ್ದು ಮೇಲಿನ ನಾಲ್ಕು ಪ್ಯಾರಾ. ಅದನ್ನು ಅರ್ಧ ಅಂತ ಹಿಡಿದೆ.

ಹನ್ನೆರಡರಲ್ಲಿ ಕೊನೆಗೆ ಉಳಿದದ್ದು ಈ ಅರ್ಧ ಉಲ್ಲೇಖ ಒಂದೇ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಇಷ್ಟು ಬಿಗಿ ಯಾಕೆ ಅಂತ ಅವತ್ತು ನನಗೂ ಅನ್ನಿಸಿತ್ತು. ಕಾರಣ ತಿಳಿಯಬೇಕಾದರೆ ಒಂದು ಹಳೆಯ ಘಟನೆ ನೋಡಬೇಕು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೈಗೆಂಥಾಲರ್ ಬಗ್ಗೆ ಯಾರೋ ಒಂದು ಪುಟ ಬರೆದರು. ಕೆನಡಿ ಸೋದರರ ಹತ್ಯೆಯಲ್ಲಿ ಇವರ ಮೇಲೂ ಗುಮಾನಿ ಇತ್ತು ಅಂತ ಅದರಲ್ಲಿತ್ತು. ಶುದ್ಧ ಸುಳ್ಳು. ಮೂಲ ಯಾವುದು ಅಂತ ಯಾರೂ ಕೇಳಲಿಲ್ಲ, ಅದು ನಾಲ್ಕು ತಿಂಗಳು ಹಾಗೇ ಇತ್ತು. ಅವರು ಸ್ವತಃ ಪತ್ರಿಕೆಯಲ್ಲಿ ಬರೆದ ಮೇಲೆಯೇ ದೊಡ್ಡ ಗಲಾಟೆಯಾಯಿತು. ಆ ವರ್ಷದ ಕೊನೆಯಲ್ಲೇ, ಖಾತೆ ಇಲ್ಲದವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪುಟ ಶುರುಮಾಡುವುದನ್ನು ನಿಲ್ಲಿಸಿದರು. ಬದುಕಿರುವ ಮನುಷ್ಯರ ಬಗ್ಗೆ ಬರೆಯುವಾಗ ಪ್ರತಿ ಮಾತಿಗೂ ಆಧಾರ ಕೇಳುವುದು ಯಾಕೆ ಅಂತ ಇದನ್ನು ಓದಿದ ಮೇಲೆ ಅರ್ಥವಾಯಿತು. ನಾನು ಹೊಗಳಿ ಬರೆದದ್ದಕ್ಕೂ, ಆ ಮನುಷ್ಯ ಕೆಟ್ಟದ್ದು ಬರೆದದ್ದಕ್ಕೂ ಹೊರಗಿನ ಓದುಗರ ಕಣ್ಣಿಗೆ ವ್ಯತ್ಯಾಸ ಇಲ್ಲ. ಎರಡಕ್ಕೂ ಆಧಾರ ಇರಲಿಲ್ಲ.

ಈಗ ಆ ಇನ್ನೊಂದು ಸಂದೇಶ. ಒಡನಾಟದ್ದು.

ಅದಕ್ಕೆ ಉತ್ತರ ಕೊಡಲು ನನಗೆ ನಾಲ್ಕು ದಿನ ಬೇಕಾಯಿತು. ಅವರು ಕಳಿಸಿದ್ದ ಕೊಂಡಿಯಲ್ಲಿದ್ದ ನಿಯಮದ ಹೆಸರು ಹಿತಾಸಕ್ತಿ ಸಂಘರ್ಷ. ಆ ಪದ ನೋಡಿಯೇ ಬೇಜಾರಾಗಿತ್ತು. ನನಗೆ ಇದರಲ್ಲಿ ಎಂಥ ಹಿತಾಸಕ್ತಿ? ಮೇಷ್ಟ್ರ ಹಿತ ಬಯಸಿದೆ, ಅಷ್ಟೇ ತಾನೇ? ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ ಗೊತ್ತಾಯಿತು, ಅದು ಹೇಳುವುದೇ ಇದನ್ನು. ಮನೆಯವರು, ಗೆಳೆಯರು, ಗುರು, ಕೆಲಸ ಕೊಟ್ಟವರು, ಕೊನೆಗೆ ನಾವೇ. ಯಾರ ಹಿತ ನಮಗೆ ಮುಖ್ಯವೋ ಅವರ ಬಗ್ಗೆ ಬರೆಯುವಾಗ ನಾವು ಹತ್ತಿರದವರು. ಕೆಟ್ಟ ಉದ್ದೇಶ ಇರಬೇಕಾಗಿಯೇ ಇಲ್ಲ. ವಿಕಿಪೀಡಿಯ ಕಟ್ಟಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಅವರೇ 2005ರಲ್ಲಿ ತಮ್ಮ ಪುಟವನ್ನು ತಾವೇ ತಿದ್ದಿ ಟೀಕೆಗೆ ಒಳಗಾದರು. ಹಾಗೆ ಮಾಡಬಾರದಿತ್ತು ಅಂತ ಆಮೇಲೆ ಒಪ್ಪಿಕೊಂಡರು.

ಹತ್ತಿರದವರು ಬರೆಯಲೇಬಾರದು ಅಂತ ನಿಯಮ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ನಂಟು ಏನು ಅಂತ ಮೊದಲು ಬಾಯಿಬಿಟ್ಟು ಹೇಳಿ. ಲೇಖನಕ್ಕೆ ನೇರ ಕೈ ಹಾಕಬೇಡಿ, ಹೊಸದಾದರೆ ಡ್ರಾಫ್ಟ್ ಕಳಿಸಿ. ಇರುವ ಪುಟವಾದರೆ ಅದರ ಚರ್ಚೆ ಪುಟದಲ್ಲಿ ಇಂಥದ್ದು ಸೇರಿಸಿ ಅಂತ ಕೋರಿಕೆ ಇಡಿ. ಸಂಬಂಧ ಇಲ್ಲದವರು ಬಂದು ನೋಡಿ ತೀರ್ಮಾನಿಸುತ್ತಾರೆ. ಕಾಗುಣಿತ ತಿದ್ದಬಹುದು, ಯಾರಾದರೂ ಕಿಡಿಗೇಡಿತನ ಮಾಡಿದ್ದರೆ ಅಳಿಸಬಹುದು. ಇಷ್ಟೇ.

ನನ್ನದು ಇನ್ನೂ ಒಂದು ಸಿಕ್ಕು ಇತ್ತು. ಸಂಘದ ವೆಬ್‌ಸೈಟ್ ನೋಡಿಕೊಳ್ಳುವುದಕ್ಕೆ ಸಂಘದವರು ನನಗೆ ತಿಂಗಳಿಗೆ ಒಂದಿಷ್ಟು ಗೌರವಧನ ಕೊಡುತ್ತಾರೆ. ಹಾಗಾದರೆ ನಾನು ದುಡ್ಡು ತೆಗೆದುಕೊಂಡು ಬರೆಯುವವರ ಸಾಲಿಗೆ ಸೇರುತ್ತೇನಾ? ಅದಕ್ಕೆ ಬೇರೆಯೇ ನಿಯಮ, ಇನ್ನೂ ಗಟ್ಟಿಯಾದದ್ದು. 2014ರಿಂದ, ವಿಕಿಪೀಡಿಯ ನಡೆಸುವ ಸಂಸ್ಥೆಯಾದ ವಿಕಿಮೀಡಿಯದ ಬಳಕೆಯ ಷರತ್ತುಗಳಲ್ಲೇ ಅದು ಸೇರಿದೆ. ಹಣ ಪಡೆದು ಬರೆಯುವವರು ತಮಗೆ ಕೊಟ್ಟವರು ಯಾರು, ಯಾರ ಪರವಾಗಿ ಬರೆಯುತ್ತಿದ್ದಾರೆ, ಅವರೊಂದಿಗೆ ನಂಟು ಏನು ಅಂತ ಹೇಳಲೇಬೇಕು. ನನಗೆ ಹಣ ಬರುವುದು ವೆಬ್‌ಸೈಟ್‌ಗೆ, ಪುಟ ಬರೆಯುವುದಕ್ಕಲ್ಲ. ಆದರೆ ಪುಟ ಇರುವುದು ಆ ಸಂಘ ಕಟ್ಟಿದವರ ಬಗ್ಗೆ. ಹೊಸಬರು ಪ್ರಶ್ನೆ ಕೇಳಲೆಂದು ಟೀಹೌಸ್ ಅಂತ ಒಂದು ಜಾಗ ಇದೆ. ಅಲ್ಲಿ ಕೇಳಿದೆ. ಒಬ್ಬರು ಬಹಳ ಸಮಾಧಾನದಿಂದ ಉತ್ತರಿಸಿದರು. ಅನುಮಾನ ಇದ್ದರೆ ಹೇಳಿಬಿಡಿ, ಹೇಳಿದ್ದರಿಂದ ಇಲ್ಲಿ ಯಾರಿಗೂ ತೊಂದರೆ ಆಗಿಲ್ಲ, ಮುಚ್ಚಿಟ್ಟದ್ದರಿಂದ ಆಗಿದೆ ಅಂತ ಅದರ ತಾತ್ಪರ್ಯ.

ನನ್ನ ಬಳಕೆದಾರ ಪುಟದಲ್ಲಿ ನಾಲ್ಕು ಸಾಲು ಬರೆದೆ. ಈ ಡ್ರಾಫ್ಟ್‌ನಲ್ಲಿರುವವರು ನನ್ನ ಗುರುಗಳು. ಅವರ ಅಭಿನಂದನಾ ಗ್ರಂಥದ ಸಂಪಾದಕ ನಾನು. ಅವರು ಕಟ್ಟಿದ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ, ಅದಕ್ಕೆ ಗೌರವಧನ ಪಡೆಯುತ್ತೇನೆ. ಸಂಬಂಧ ಇಲ್ಲ ಅಂತ ಮೊದಲು ಒತ್ತಿದ್ದು ತಪ್ಪು ತಿಳಿವಳಿಕೆಯಿಂದ. ಉಳಿಸುವ ಗುಂಡಿ ಒತ್ತುವಾಗ, ಊರಿಗೆಲ್ಲ ತಪ್ಪೊಪ್ಪಿಗೆ ಓದಿದ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಡ್ರಾಫ್ಟ್ ವಾಪಸ್ ಕಳಿಸಿದ್ದ ಅದೇ ಪರಿಶೀಲಕರು ಧನ್ಯವಾದ ಹೇಳಿ, ಇನ್ಯಾವ ಮೂಲಗಳನ್ನು ಹುಡುಕಬಹುದು ಅಂತ ಐದಾರು ದಾರಿ ತೋರಿಸಿದರು. ಹಳೆಯ ವಿಜ್ಞಾನ ಪತ್ರಿಕೆಗಳು, ಹವ್ಯಾಸಿ ಖಗೋಳದ ಇತಿಹಾಸ ಬರೆದವರ ಪುಸ್ತಕಗಳು, ಹೀಗೆ. ಹುಡುಕಿದೆ. ಎಲ್ಲೂ ಸಿಗಲಿಲ್ಲ.

ಈ ನಡುವೆ ಒಂದು ಇಮೇಲ್ ಬಂತು. ನಿಮ್ಮ ಡ್ರಾಫ್ಟ್ ತಿರಸ್ಕೃತವಾಗಿದ್ದು ನೋಡಿದೆವು, ಇಷ್ಟು ಹಣ ಕೊಟ್ಟರೆ ನಾವು ಹಾಕಿಸಿಕೊಡುತ್ತೇವೆ, ಅಳಿಸದ ಹಾಗೆ ನೋಡಿಕೊಳ್ಳುತ್ತೇವೆ ಅಂತ. ನಿಜ ಹೇಳುತ್ತೇನೆ, ಒಂದು ಗಂಟೆ ಆ ಮೇಲ್ ತೆರೆದಿಟ್ಟುಕೊಂಡು ಕೂತಿದ್ದೆ. ಹುಟ್ಟುಹಬ್ಬಕ್ಕೆ ಉಳಿದಿದ್ದು ಒಂದೇ ತಿಂಗಳು. ಆಮೇಲೆ ಇಂಥ ಮೇಲ್‌ಗಳ ಬಗ್ಗೆ ಹುಡುಕಿದಾಗ ಆರೆಂಜ್‌ಮೂಡಿ ಪ್ರಕರಣ ಸಿಕ್ಕಿತು. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಬಾರಿಗೆ 381 ಖಾತೆಗಳನ್ನು ತಡೆಹಿಡಿಯಿತು. ಆ ಗುಂಪು ಮಾಡುತ್ತಿದ್ದದ್ದು ಇದನ್ನೇ. ವಾಪಸ್ ಹೋದ ಡ್ರಾಫ್ಟ್‌ಗಳನ್ನು ಹುಡುಕುವುದು, ಅದರ ಹಿಂದೆ ಇರುವವರನ್ನು ಸಂಪರ್ಕಿಸುವುದು, ಹಣ ಪಡೆದು ಪುಟ ಹಾಕುವುದು, ಆಮೇಲೆ ಅದನ್ನು ಕಾಪಾಡುತ್ತೇವೆ ಅಂತ ಮತ್ತೆ ಹಣ ಕೇಳುವುದು. ವಿಕಿಪೀಡಿಯದಲ್ಲಿ ಯಾರಿಗೂ ಹಣ ಪಡೆದು ಪುಟ ಖಾತ್ರಿ ಮಾಡಿಕೊಡುವ ಅಧಿಕಾರ ಇಲ್ಲ. ನಿಮಗೆ ಹೀಗೆ ಮೇಲ್ ಬಂದರೆ ಉತ್ತರಿಸಲೇಬೇಡಿ. ನಾನು ಅಳಿಸಿದೆ.

ಗುಟ್ಟು ಉಳಿಸಿಕೊಂಡು ಪ್ರಯೋಜನ ಇಲ್ಲ ಅನ್ನಿಸಿತು. ಡ್ರಾಫ್ಟ್ ಅಚ್ಚು ಹಾಕಿಸಿಕೊಂಡು ಮೇಷ್ಟ್ರ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಎರಡನೆಯ ಪುಟದಲ್ಲಿ ಪೆನ್ಸಿಲ್ ತೆಗೆದುಕೊಂಡು ಒಂದು ಸಾಲಿನ ಕೆಳಗೆ ಗೆರೆ ಎಳೆದರು.

"ಇದು ಯಾರು ಹೇಳಿದ್ದು ನಿನಗೆ?"

ಒಂದು ನೋವಾವನ್ನು, ಅಂದರೆ ಇದ್ದಕ್ಕಿದ್ದಂತೆ ಉರಿದು ಕಾಣಿಸಿಕೊಳ್ಳುವ ನಕ್ಷತ್ರವನ್ನು, ಮೊದಲು ಕಂಡವರು ಮೇಷ್ಟ್ರು ಅಂತ ಬರೆದಿದ್ದೆ. ಸಂಘದಲ್ಲಿ ಎಲ್ಲರೂ ಹೇಳುವ ಮಾತು ಅದು.

"ಎಲ್ಲರಿಗೂ ಗೊತ್ತಲ್ಲ ಸರ್. ಅಭಿನಂದನಾ ಗ್ರಂಥದಲ್ಲೂ ಇದೆ."

"ಗ್ರಂಥದಲ್ಲಿ ಬರೆದದ್ದು ಯಾರು?"

"ನಾನೇ ಸರ್."

"ನಾನು ನೋಡುವ ಹೊತ್ತಿಗೆ ಅದು ಆಗಲೇ ವರದಿಯಾಗಿತ್ತಪ್ಪ. ನನಗೆ ಸುದ್ದಿ ಬಂತು, ಹೋಗಿ ನೋಡಿದೆ, ಅಂದಾಜು ಕಳಿಸಿದೆ. ಅಷ್ಟೇ. ನನ್ನನ್ನು ಹೊಗಳಿದ ಪುಸ್ತಕ ಅಂತ ನಾನು ಅದನ್ನು ಓದೋದಕ್ಕೇ ಹೋಗಲಿಲ್ಲ. ಓದಬೇಕಿತ್ತು."

ನನಗೆ ಮಾತು ಹೊರಡಲಿಲ್ಲ. ಬೇರೆ ಯಾರೋ ಮೊದಲು ಕಂಡದ್ದನ್ನು ಕಿತ್ತು ಮೇಷ್ಟ್ರ ಹೆಸರಿಗೆ ಬರೆಯಲು ಹೊರಟಿದ್ದೆ. ಅದಕ್ಕೆ ಆಧಾರವಾಗಿ ನನ್ನದೇ ಪುಸ್ತಕ ಕೊಟ್ಟಿದ್ದೆ. ಆ ಪುಟ ಒಪ್ಪಿಗೆಯಾಗಿದ್ದರೆ ನಾಳೆ ಯಾರೋ ಪತ್ರಕರ್ತರು ವಿಕಿಪೀಡಿಯ ನೋಡಿ ಅದನ್ನೇ ಬರೆಯುತ್ತಿದ್ದರು. ಆಮೇಲೆ ಆ ಪತ್ರಿಕೆಯೇ ಹೊರಗಿನ ಆಧಾರ ಆಗುತ್ತಿತ್ತು. ಸುಳ್ಳು ಹೀಗೆ ಒಂದು ಸುತ್ತು ಹೊಡೆದು ನಿಜದ ಬಟ್ಟೆ ಹಾಕಿಕೊಂಡು ಬರುತ್ತದೆ. ಪ್ರೀತಿಯಿಂದಲೇ ಬರೆದದ್ದು ಅದು, ಒಂದು ಅಕ್ಷರವೂ ಮೋಸದಿಂದ ಅಲ್ಲ.

ಮೇಷ್ಟ್ರು ಇನ್ನೂ ಎರಡು ಕಡೆ ಗೆರೆ ಎಳೆದರು. ಅವರ ಹುಟ್ಟಿದ ತಾರೀಖು ಬೇಡ ಅಂದರು. ಮನೆಯವರ ಕಾಯಿಲೆ ಬಗ್ಗೆ ನಾನು ಬರೆದಿದ್ದ ಒಂದು ವಾಕ್ಯ ಬೇಡ ಅಂದರು. ಅವರು ರಾತ್ರಿ ಹೆಂಡತಿಯ ಹಾಸಿಗೆ ಪಕ್ಕ ಕೂತಿದ್ದು, ನಡುವೆ ಎದ್ದು ಹೋಗಿ ನಕ್ಷತ್ರ ನೋಡಿ ಬರುತ್ತಿದ್ದದ್ದು ನನಗೆ ಮನ ಕಲಕುವ ವಿಷಯವಾಗಿ ಕಂಡಿತ್ತು. ಅವರಿಗೆ ಅದು ಮನೆಯ ವಿಷಯ. ಪುಟ ಒಮ್ಮೆ ಆದರೆ ಅದು ನನ್ನದೂ ಅಲ್ಲ, ಅವರದೂ ಅಲ್ಲ. ಯಾರು ಬೇಕಾದರೂ ತಿದ್ದಬಹುದು, ಅವರಿಗೆ ಹಿಡಿಸದ್ದನ್ನೂ ಆಧಾರ ಕೊಟ್ಟು ಸೇರಿಸಬಹುದು. ತೆಗೆಸುವುದು ಸುಲಭವಲ್ಲ. ಇಷ್ಟು ದೊಡ್ಡ ವಿಷಯವನ್ನು ಅವರನ್ನು ಒಂದು ಮಾತೂ ಕೇಳದೆ ಮಾಡಲು ಹೊರಟಿದ್ದೆ.

ಹೊರಡುವಾಗ ಮೇಷ್ಟ್ರು ಕೇಳಿದರು, "ಹಿಂದಿನ ರಾತ್ರಿಯ ಅಂಕಿ ಯಾಕೆ ನೋಡಬಾರದು ಅಂತ ಹೇಳಿದ್ದೆ, ನೆನಪಿದೆಯಾ?"

"ಇದೆ ಸರ್."

"ನೀನು ನನ್ನ ಪುಟ ಬರೆದರೆ ಅದೇ ಕಥೆ. ನಿನಗೆ ಉತ್ತರ ಮೊದಲೇ ಗೊತ್ತು."

ಹುಟ್ಟುಹಬ್ಬದ ದಿನ ಫೋನ್ ತೋರಿಸಲು ಏನೂ ಇರಲಿಲ್ಲ. ಎಲ್ಲರೂ ಸೇರಿ ರಾತ್ರಿ ಆಕಾಶ ನೋಡಿದೆವು.

ವಿಕಿಪೀಡಿಯ ಮಾತ್ರ ನಾನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಅದರ ಒಳಗಿನ ಕೆಲಸ ನೋಡಿ ಅಭಿಮಾನ ಹುಟ್ಟಿತ್ತು. ಸಂಬಳ ಇಲ್ಲದ ಜನ, ಮುಖ ನೋಡದ ಒಬ್ಬ ಹೊಸಬನಿಗೆ ತಮ್ಮ ಸಂಜೆಗಳನ್ನು ಕೊಟ್ಟು ತಿಳಿಸಿ ಹೇಳುತ್ತಾರಲ್ಲ, ಅದು ಸಣ್ಣ ವಿಷಯ ಅಲ್ಲ. ನನಗೆ ಗೊತ್ತಿರುವುದು ನಕ್ಷತ್ರ. ಅದರ ಪುಟಗಳಿಗೆ ಹೋದೆ. ಹೊಸಬರಿಗೆ ನಾನು ಈಗ ಹೇಳುವುದೂ ಇದನ್ನೇ, ಮೊದಲ ಲೇಖನವೇ ನಿಮ್ಮವರ ಬಗ್ಗೆ ಬೇಡ. ನಿಮಗೆ ಗೊತ್ತಿರುವ, ಆದರೆ ನಿಮ್ಮದಲ್ಲದ ಒಂದು ವಿಷಯದ ಪುಟದಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿ. ಉಲ್ಲೇಖ ಹಾಕಲು ಕಲಿಯಿರಿ. ಬೇರೆಯವರು ನಿಮ್ಮ ವಾಕ್ಯ ತಿದ್ದಿದಾಗ ಹೇಗನ್ನಿಸುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಉಳಿದದ್ದು.

ಅಲ್ಲೂ ಒಮ್ಮೆ ಹಳೆಯ ಆಸೆ ತಲೆ ಎತ್ತಿತು. ಮೈರಾ ಅಂತ ಒಂದು ನಕ್ಷತ್ರ ಇದೆ. 1596ರಲ್ಲಿ ಡೇವಿಡ್ ಫೆಬ್ರೀಷಿಯಸ್ ಗಮನಿಸಿದ್ದು. ಸುಮಾರು 332 ದಿನಕ್ಕೊಮ್ಮೆ ಅದರ ಬೆಳಕು ಏರಿ ಇಳಿಯುತ್ತದೆ. ಮಂಕಾದಾಗ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಕಣ್ಣಂದಾಜಿನಲ್ಲಿ ಅಳೆಯುವಾಗ ಅದರ ಕೆಂಪು ಬಣ್ಣ ಹೇಗೆ ದಾರಿ ತಪ್ಪಿಸುತ್ತದೆ ಅಂತ ಮೇಷ್ಟ್ರು ತಮ್ಮ ಕಿರುಹೊತ್ತಿಗೆಯಲ್ಲಿ ಬಹಳ ಚೆನ್ನಾಗಿ ಬರೆದಿದ್ದಾರೆ. ಆ ವಾಕ್ಯ ಸೇರಿಸಿ, ಅವರ ಹೊತ್ತಿಗೆಯನ್ನೇ ಉಲ್ಲೇಖ ಕೊಡಬೇಕು ಅನ್ನಿಸಿತು. ಈ ಸಲ ನೇರ ಕೈ ಹಾಕಲಿಲ್ಲ. ಚರ್ಚೆ ಪುಟದಲ್ಲಿ ಕೋರಿಕೆ ಇಟ್ಟೆ. ಬರೆದವರು ನನ್ನ ಗುರುಗಳು ಅಂತ ಮೊದಲ ಸಾಲಿನಲ್ಲೇ ಹೇಳಿದೆ. ಹತ್ತು ದಿನಕ್ಕೆ ಒಬ್ಬರು ಬಂದು ಉತ್ತರಿಸಿದರು. ವಿಷಯ ಸರಿಯಾಗಿದೆ, ಬೇಕಾದದ್ದೇ. ಆದರೆ ಹೊತ್ತಿಗೆ ಸ್ವಂತ ಪ್ರಕಟಣೆ. ಇದೇ ಮಾತು ಇಂಥ ವೀಕ್ಷಣಾ ಕೈಪಿಡಿಯಲ್ಲಿದೆ, ಅದನ್ನು ಹಾಕಿದ್ದೇನೆ. ವಾಕ್ಯ ಪುಟಕ್ಕೆ ಸೇರಿತು. ಮೇಷ್ಟ್ರ ಹೆಸರು ಸೇರಲಿಲ್ಲ. ಅವರಿಗೆ ತೋರಿಸಿದಾಗ ವಾಕ್ಯವನ್ನು ಎರಡು ಸಲ ಓದಿ, ತಮ್ಮದಕ್ಕಿಂತ ಚಿಕ್ಕದಾಗಿ ಬರೆದಿದ್ದಾರೆ, ಚೆನ್ನಾಗಿದೆ ಅಂದರು.

ಡ್ರಾಫ್ಟ್ ಈಗ ಇಲ್ಲ. ಆರು ತಿಂಗಳು ಯಾರೂ ಮುಟ್ಟದ ಡ್ರಾಫ್ಟ್‌ಗಳನ್ನು ಅಲ್ಲಿ ಅಳಿಸುತ್ತಾರೆ. ಬೇಕೆಂದಾಗ ಕೇಳಿದರೆ ಸಾಮಾನ್ಯವಾಗಿ ಹಿಂದಿರುಗಿಸುತ್ತಾರೆ, ಹಾಗಾಗಿ ಅದು ಪೂರ್ತಿ ಕಳೆದುಹೋದಂತೆ ಅಲ್ಲ. ಅಭಿನಂದನಾ ಗ್ರಂಥದ ಉಳಿದ ಪ್ರತಿಗಳಿಗೆ ನೋವಾ ವಿಷಯದ ತಪ್ಪು ತಿದ್ದಿದ ಚೀಟಿ ಅಂಟಿಸಿದ್ದೇನೆ. ಸಂಘದ ವೆಬ್‌ಸೈಟ್‌ನಲ್ಲೂ ಸರಿಪಡಿಸಿದ್ದೇನೆ.

ಹೋದ ವರ್ಷ ಒಬ್ಬ ಸಂಶೋಧಕಿ ಹವ್ಯಾಸಿ ವೀಕ್ಷಕರ ಕೆಲಸದ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ ಅಂತ ಬಂದರು. ಮೇಷ್ಟ್ರ ನೋಟ್‌ಬುಕ್ ನೋಡಬೇಕು ಅಂದರು. ಅವರು ಕಪಾಟು ತೆರೆದು ಕೊಟ್ಟರು. ನಾಲ್ಕು ದಿನ ಬಂದು ಕೂತು ಪುಟ ಪುಟವನ್ನೂ ನೋಡಿದರು, ಫೋಟೊ ತೆಗೆದುಕೊಂಡರು. ನನಗೆ ಹೇಳಬೇಕು ಅನ್ನಿಸಿದ್ದು ಬಹಳ ಇತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಪುಸ್ತಕ ಇನ್ನೂ ಬಂದಿಲ್ಲ. ಅದರಲ್ಲಿ ಮೇಷ್ಟ್ರ ಬಗ್ಗೆ ಎಷ್ಟು ಇರುತ್ತದೆ ಅಂತ ನಾನು ಅವರನ್ನು ಕೇಳಿಲ್ಲ.